ದೂರದಿಂದ ಚರ್ಮರೋಗ ಚಿಕಿತ್ಸೆ: ಟೆಕ್ಸಸ್‌ನ ಅನುಭವ

ಹೃದಯ, ಯಕೃತ್ತುಗಳ ಕಾಯಿಲೆ ದೇಹದೊಳಗೆ ಅಡಗಿರುತ್ತದೆ; ಚರ್ಮದ ಕಾಯಿಲೆ ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತದೆ. ಆದ್ದರಿಂದಲೇ ದೂರವೈದ್ಯಕೀಯವು ಈ ಶಾಖೆಗೆ ಸಹಜವಾಗಿ ಒಗ್ಗಿತು. ‘ಟೆಲಿಡರ್ಮಟಾಲಜಿ’ ಎಂಬ ಹೆಸರು 1995ರಲ್ಲಿಯೇ ಬಳಕೆಗೆ ಬಂದಿತ್ತು. ಇದರಲ್ಲಿ ಎರಡು ಕ್ರಮಗಳಿವೆ. ಮೊದಲನೆಯದು, ವೈದ್ಯರೂ ರೋಗಿಯೂ ವಿಡಿಯೊ ಮೂಲಕ ಏಕಕಾಲದಲ್ಲಿ ಮಾತನಾಡುವುದು. ಎರಡನೆಯದು, ರೋಗಿಯು ಚಿತ್ರಗಳನ್ನೂ ರೋಗದ ವಿವರಗಳನ್ನೂ ಆ್ಯಪ್‌ನಲ್ಲಿ ಕಳುಹಿಸುವುದು, ವೈದ್ಯರು ಬಿಡುವಾದಾಗ ಪರಿಶೀಲಿಸಿ ಉತ್ತರಿಸುವುದು. ಸ್ಥಿರಚಿತ್ರದಲ್ಲಿ ಸೂಕ್ಷ್ಮ ವಿವರಗಳು ಹೆಚ್ಚು ಸ್ಪಷ್ಟವಾಗಿರುವುದರಿಂದ ಚರ್ಮರೋಗಗಳಿಗೆ ಎರಡನೆಯ ಕ್ರಮವೇ ಹೆಚ್ಚು ಅನುಕೂಲಕರ.

ಟೆಕ್ಸಸ್‌ನಲ್ಲಿ ಈ ಸೇವೆ ಬೆಳೆಯಲು ತಂತ್ರಜ್ಞಾನದ ಜೊತೆಗೆ ಕಾನೂನಿನ ಒಪ್ಪಿಗೆಯೂ ಬೇಕಾಯಿತು. ಹ್ಯೂಸ್ಟನ್ ಸಮೀಪದ ಗ್ಯಾಲ್ವೆಸ್ಟನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಸಂಸ್ಥೆಯು 1990ರ ದಶಕದಲ್ಲಿಯೇ ಸೆರೆಮನೆಗಳ ಕೈದಿಗಳಿಗೆ ದೂರವೈದ್ಯಕೀಯ ಸೇವೆ ಒದಗಿಸುತ್ತಿತ್ತು. ಆದರೆ ಮನೆಯಲ್ಲಿರುವ ರೋಗಿಗೆ ಅಪರಿಚಿತ ವೈದ್ಯರು ಔಷಧಿ ಬರೆಯಬಹುದೇ ಎಂಬುದು ವಿವಾದವಾಗಿಯೇ ಉಳಿಯಿತು. ಮೊದಲು ರೋಗಿಯನ್ನು ಮುಖತಃ ಪರೀಕ್ಷಿಸಬೇಕೆಂಬ ನಿಯಮವನ್ನು ರಾಜ್ಯದ ವೈದ್ಯಕೀಯ ಮಂಡಳಿಯು 2015ರಲ್ಲಿ ಬಿಗಿಗೊಳಿಸಿತು. 2002ರಲ್ಲಿ ಡಲ್ಲಾಸ್‌ನಲ್ಲಿ ಸ್ಥಾಪನೆಯಾಗಿದ್ದ ಟೆಲಾಡಾಕ್ ಕಂಪನಿ ಇದನ್ನು ಆಸ್ಟಿನ್‌ನ ಫೆಡರಲ್ ನ್ಯಾಯಾಲಯದಲ್ಲಿ ಪ್ರಶ್ನಿಸಿ ತಡೆಯಾಜ್ಞೆ ಪಡೆಯಿತು. ಕೊನೆಗೆ 2017ರ ಮೇ ತಿಂಗಳಲ್ಲಿ ಹೊಸ ಶಾಸನವೇ ಬಂದಿತು. ಅದರಂತೆ ವೈದ್ಯರು ಚಿತ್ರಗಳ ಆಧಾರದ ಮೇಲೂ ಚಿಕಿತ್ಸೆ ನೀಡಬಹುದು. ಆದರೆ ಚಿಕಿತ್ಸೆಯ ಗುಣಮಟ್ಟವು ಮುಖತಃ ಭೇಟಿಯಲ್ಲಿ ನಿರೀಕ್ಷಿಸುವಷ್ಟೇ ಇರಬೇಕು. 2020ರ ಕೋವಿಡ್ ಈ ಬಳಕೆಯನ್ನು ಮನೆಮನೆಗೆ ತಂದಿತು.

ಮೊಡವೆ, ಇಸುಬು, ಸೋರಿಯಾಸಿಸ್‌ಗಳ ಮುಂದುವರಿದ ಚಿಕಿತ್ಸೆಗೆ ಈ ಪದ್ಧತಿ ಚೆನ್ನಾಗಿ ಹೊಂದುತ್ತದೆ. ಆದರೆ ಚಿತ್ರವು ಸ್ಪರ್ಶದ ಅನುಭವ ಕೊಡಲಾರದು. ಗಂಟಿನ ಗಡಸುತನ ಅದರಲ್ಲಿ ತಿಳಿಯದು. ಶಂಕಾಸ್ಪದ ಮಚ್ಚೆಯ ನಿರ್ಣಯಕ್ಕೆ ಚರ್ಮದ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಮಚ್ಚೆಯ ಚಿತ್ರ ನೋಡಿ ಮೆಲನೋಮಾ ಎಂಬ ಕ್ಯಾನ್ಸರ್ ಪತ್ತೆ ಮಾಡುವುದಾಗಿ ಪ್ರಚಾರ ಮಾಡಿದ್ದ ಮೆಲ್‌ಆ್ಯಪ್ ಮತ್ತು ಮೋಲ್ ಡಿಟೆಕ್ಟಿವ್ ಎಂಬ ಆ್ಯಪ್‌ಗಳ ವಿರುದ್ಧ, ಸಾಕಷ್ಟು ಆಧಾರವಿಲ್ಲದ ಪ್ರಚಾರವೆಂದು, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2015ರಲ್ಲಿ ಕ್ರಮ ಕೈಗೊಂಡಿತು.

ಕಂದುಬಣ್ಣದ ಚರ್ಮವುಳ್ಳ ನಮ್ಮವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಬಿಳಿಯ ಚರ್ಮದಲ್ಲಿ ಕೆಂಪಾಗಿ ಕಾಣುವ ಉರಿಯೂತ ನಮ್ಮ ಚರ್ಮದಲ್ಲಿ ನೇರಳೆ, ಕಂದು ಅಥವಾ ಬೂದು ಛಾಯೆಯಲ್ಲಿ ತೋರಬಹುದು. ಚಿತ್ರ ಗುರುತಿಸುವ ಅನೇಕ ಗಣಕ ವ್ಯವಸ್ಥೆಗಳನ್ನು ಹೆಚ್ಚಾಗಿ ಬಿಳಿಯ ಚರ್ಮದ ಚಿತ್ರಗಳಿಂದ ತರಬೇತುಗೊಳಿಸಲಾಗಿದೆ. ಮೆಲನೋಮಾ ನಮ್ಮಲ್ಲಿ ವಿರಳ. ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಂತಹ ಗಮನಕ್ಕೆ ಬಾರದ ಸ್ಥಳಗಳಲ್ಲಿ ಕಾಣಿಸುವುದೇ ಹೆಚ್ಚು. ಹೀಗಾಗಿ ತಡವಾಗಿ ಪತ್ತೆಯಾಗುವ ಅಪಾಯವಿದೆ.

ಚಿತ್ರವನ್ನು ಹಗಲು ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ, ದೂರದಿಂದ ಒಂದು ಮತ್ತು ಹತ್ತಿರದಿಂದ ಒಂದು ತೆಗೆಯಬೇಕು. ಅಳತೆಗಾಗಿ ಪಕ್ಕದಲ್ಲಿ ನಾಣ್ಯವಿಡಬೇಕು. ಊರಿನಿಂದ ತಂದ ಮುಲಾಮು ಹಚ್ಚಿದ್ದರೆ ಹೇಳಲೇಬೇಕು: ಸ್ಟೀರಾಯ್ಡ್ ಬೆರೆತ ಮುಲಾಮುಗಳು ಹುಳುಕಡ್ಡಿಯ ರೂಪವನ್ನೇ ಬದಲಿಸಿ ವೈದ್ಯರ ದಾರಿ ತಪ್ಪಿಸುತ್ತವೆ. ಉತ್ತರಿಸುವವರು ಟೆಕ್ಸಸ್‌ನ ಪರವಾನಗಿ ಪಡೆದ ವೈದ್ಯರೇ ಎಂದು ಮೊದಲೇ ತಿಳಿದುಕೊಳ್ಳಬೇಕು. ಬೆಳೆಯುವ, ಬಣ್ಣ ಬದಲಿಸುವ, ರಕ್ತ ಒಸರುವ ಮಚ್ಚೆಯನ್ನಾಗಲಿ, ಉಗುರಿನಲ್ಲಿ ಹೊಸದಾಗಿ ಮೂಡಿದ ಕಪ್ಪು ಗೆರೆಯನ್ನಾಗಲಿ ವೈದ್ಯರಿಗೆ ಮುಖತಃ ತೋರಿಸುವುದೇ ಕ್ಷೇಮ.