ಘಟ್ಟ ಹತ್ತಿದ ಮೀನು: ತಟ್ಟೆಯಲ್ಲೇಕೆ ನಿರಾಶೆ?

ದಾಂಡೇಲಿ: ಕಾಳಿ ನದಿಯ ಜಲಸಾಹಸ ಮುಗಿಸಿ, ಕಾಡು ಸುತ್ತಿ, ಹಸಿದು ಬಂದ ಪ್ರವಾಸಿಗರನ್ನು ಹೋಟೆಲುಗಳ ನಾಮಫಲಕಗಳು ಸ್ವಾಗತಿಸುತ್ತವೆ. ಬಂಗಡೆ ಫ್ರೈ, ಸಿಗಡಿ ಮಸಾಲೆ, ಇಸವಾಣ ತವಾ, ಮೀನಿನ ಥಾಳಿ. ಕಾರವಾರ ಇದೇ ಜಿಲ್ಲೆಯ ಕೇಂದ್ರ ಸ್ಥಳವಾದ್ದರಿಂದ ಇಲ್ಲಿ ಸಿಗುವ ಮೀನು ತಾಜಾ ಆಗಿಯೇ ಇರುತ್ತದೆ ಎಂಬುದು ಹೊರಗಿನಿಂದ ಬಂದವರ ನಂಬಿಕೆ. ಆದರೆ ಊಟ ಮುಗಿಸಿ ಏಳುವಾಗ ಅನೇಕರ ಮುಖದಲ್ಲಿ ತೃಪ್ತಿ ಇರುವುದಿಲ್ಲ. ಮೀನು ಹಿಟ್ಟಿನಂತೆ ಮೆತ್ತಗಿತ್ತು, ವಾಸನೆ ಬರುತ್ತಿತ್ತು, ಕೇಳಿದ್ದೊಂದು ಬಂದದ್ದೊಂದು, ಬಿಲ್ಲು ನಿರೀಕ್ಷೆಗಿಂತ ದುಪ್ಪಟ್ಟು ಎಂಬ ದೂರುಗಳು ಇಂತಹ ಊಟದ ಮನೆಗಳ ಬಗ್ಗೆ ಸಾಮಾನ್ಯ. ಇವುಗಳಲ್ಲಿ ಹಲವಕ್ಕೆ ಕಾರಣ ಅಡುಗೆಯವನ ಕೈಗುಣವಲ್ಲ. ಗ್ರಾಹಕನಿಗೆ ಮೊದಲೇ ತಿಳಿಸಬೇಕಾದ ಸಂಗತಿಗಳನ್ನು ತಿಳಿಸದಿರುವುದೇ ಕಾರಣ.

ಜಿಲ್ಲೆ ಒಂದೇ, ಕಡಲು ದೂರ

ಉತ್ತರ ಕನ್ನಡದ 12 ತಾಲೂಕುಗಳಲ್ಲಿ ಕಡಲತೀರವಿರುವುದು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಹಾಗೂ ಭಟ್ಕಳ ಈ ಐದಕ್ಕೆ ಮಾತ್ರ. ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಘಟ್ಟದ ಮೇಲಿನ ತಾಲೂಕುಗಳು. ಕಾರವಾರದಿಂದ ಹೊರಟ ಮೀನು ಕದ್ರಾ ದಾಟಿ, ಅಣಶಿ ಘಟ್ಟ ಹತ್ತಿ, ಜೋಯಿಡಾ ಮಾರ್ಗವಾಗಿ ದಾಂಡೇಲಿ ತಲುಪಲು ನೂರು ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಬೇಕು. ಹಳಿಯಾಳ ಇನ್ನೂ ಮುಂದೆ. ಮುಂಡಗೋಡಕ್ಕೆ ಅಂಕೋಲಾ, ಅರಬೈಲು ಘಟ್ಟ, ಯಲ್ಲಾಪುರದ ದಾರಿ. ಮಳೆಗಾಲದಲ್ಲಿ ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿದರೆ ಈ ಪ್ರಯಾಣ ಮತ್ತಷ್ಟು ದೀರ್ಘವಾಗುತ್ತದೆ.

ದೂರವೊಂದೇ ಮೀನನ್ನು ಕೆಡಿಸುವುದಿಲ್ಲ. ಹಿಡಿದ ಕೂಡಲೇ ಮೀನಿನಷ್ಟೇ ತೂಕದ ಮಂಜುಗಡ್ಡೆ ಹಾಕಿ, ಶಾಖ ಒಳಸೇರದ ಪೆಟ್ಟಿಗೆಯಲ್ಲಿ ಸಾಗಿಸಿದರೆ ಮೀನು ಕೆಲವು ದಿನ ಚೆನ್ನಾಗಿಯೇ ಇರುತ್ತದೆ. ಮಂಜುಗಡ್ಡೆ ಕರಗಿ, ಮೀನು ಆ ನೀರಿನಲ್ಲೇ ಬಿಸಿಲಿಗೆ ನಿಂತಾಗ ತೊಂದರೆ ಆರಂಭವಾಗುತ್ತದೆ. ವಾರಾಂತ್ಯದಲ್ಲಿ ಜನ ತುಂಬಿ, ವಾರದ ನಡುವೆ ಮೇಜುಗಳು ಖಾಲಿ ಉಳಿಯುವ ಪ್ರವಾಸಿ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ಭಾನುವಾರ ಮಿಕ್ಕ ಮೀನು ಮುಂದಿನ ಗ್ರಾಹಕನಿಗಾಗಿ ಫ್ರೀಜರಿನಲ್ಲಿ ಕಾಯಬೇಕಾಗುತ್ತದೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ ಮೀನು ತನ್ನ ನೀರಿನಂಶ ಕಳೆದುಕೊಂಡು, ತಟ್ಟೆಗೆ ಬರುವಾಗ ಮೆತ್ತಗೆ ಪುಡಿಪುಡಿಯಾಗುತ್ತದೆ.

ಋತು ಬದಲಾದರೂ ಬದಲಾಗದ ಪಟ್ಟಿ

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನುಗಳ ಸಂತಾನಾಭಿವೃದ್ಧಿಗೆ ಅವಕಾಶ ನೀಡುವುದು ಇದರ ಉದ್ದೇಶ. ಈ ಅವಧಿಯಲ್ಲಿ ಸಾಂಪ್ರದಾಯಿಕ ನಾಡದೋಣಿಗಳು ತೀರದ ಸಮೀಪ ಹಿಡಿಯುವ ಅಲ್ಪಸ್ವಲ್ಪ ಮೀನು ಮಾತ್ರ ಸ್ಥಳೀಯವಾಗಿ ಲಭ್ಯ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಜೂನ್ ನಡುವಿನಿಂದ ಬಂಗಾಳ ಕೊಲ್ಲಿಯ ಮೀನು ಇತ್ತ ಬರತೊಡಗುತ್ತದೆ. ಉಳಿದದ್ದು ಶೀತಲಗೃಹದ ದಾಸ್ತಾನು.

ಕಾಡು ಹಸಿರಾಗಿ ಕಂಗೊಳಿಸುವ ಈ ಮಳೆಗಾಲದಲ್ಲಿಯೂ ಹೋಟೆಲಿನ ಪಟ್ಟಿಯಲ್ಲಿ ಮಾತ್ರ ಎಲ್ಲ ಮೀನುಗಳೂ ಎಂದಿನಂತೆ ಇರುತ್ತವೆ. ಹೆಪ್ಪುಗಟ್ಟಿಸಿದ ಮೀನು ಮಾರುವುದು ಅಪರಾಧವಲ್ಲ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ರಮವಾಗಿ ಸಂರಕ್ಷಿಸಿದ ಮೀನು ತಿನ್ನಲು ಯೋಗ್ಯವೇ. ಅದನ್ನು 'ಇಂದು ಬೆಳಿಗ್ಗೆ ಬಂದದ್ದು' ಎಂದು ಹೇಳಿ ಬಡಿಸುವುದು ತಪ್ಪು. ಮುಳ್ಳಿಲ್ಲದ, ಅಗ್ಗದ ಸಾಕಣೆ ಮೀನಾದ ಬಾಸಾವನ್ನು ದುಬಾರಿ ಮೀನಿನ ಹೆಸರಿನಲ್ಲಿ ನೀಡುವುದೂ ಇದೇ ಬಗೆಯ ವಂಚನೆ. ತುಂಡು ಮಾಡಿ, ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿದ ಮೇಲೆ ಬಯಲು ಸೀಮೆಯ ಗ್ರಾಹಕನಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ರುಚಿಯಾಚೆಗಿನ ಅಪಾಯ

ಹಳಸಿದ ಮೀನಿನಿಂದಾಗುವ ಹಾನಿ ನಾಲಗೆಗಷ್ಟೇ ಸೀಮಿತವಲ್ಲ. ಬಂಗಡೆ, ಟ್ಯೂನಾ, ತಾರ್ಲೆಯಂತಹ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿರುತ್ತದೆ. ತಂಪು ತಪ್ಪಿದಾಗ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಪರಿವರ್ತಿಸುತ್ತವೆ. ಒಮ್ಮೆ ಉಂಟಾದ ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೆಪ್ಪುಗಟ್ಟಿಸಿದರೂ ನಾಶವಾಗುವುದಿಲ್ಲ. ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರುವುದು, ಮೈ ತುರಿಕೆ, ತಲೆನೋವು, ಎದೆಬಡಿತ ಕಾಣಿಸಿಕೊಳ್ಳಬಹುದು. ಇದನ್ನು ಮೀನಿನ ಅಲರ್ಜಿ ಎಂದು ತಪ್ಪು ತಿಳಿಯುವವರೇ ಹೆಚ್ಚು.

ಫಾರ್ಮಲಿನ್ ಬಳಕೆಯ ಆತಂಕವೂ ಹೊಸದಲ್ಲ. 2018ರಲ್ಲಿ ಕೇರಳದಲ್ಲಿ ಫಾರ್ಮಲಿನ್ ಬೆರೆತ ಮೀನು ವಶಪಡಿಸಿಕೊಂಡ ಬೆನ್ನಲ್ಲೇ ಗೋವಾದಲ್ಲಿಯೂ ವಿವಾದ ಎದ್ದು, ಅಲ್ಲಿನ ಸರ್ಕಾರ ಹೊರರಾಜ್ಯದ ಮೀನಿಗೆ ನಿರ್ಬಂಧ ಹೇರಿತು. ಗೋವಾ ಮಾರುಕಟ್ಟೆಯನ್ನು ಅವಲಂಬಿಸಿದ್ದ ಕಾರವಾರದ ಮೀನು ವ್ಯಾಪಾರಕ್ಕೂ ಆಗ ಪೆಟ್ಟು ಬಿತ್ತು. ಕೆಲವರು ಮಾಡುವ ತಪ್ಪಿಗೆ ಪ್ರಾಮಾಣಿಕ ವ್ಯಾಪಾರಿಗಳೂ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಅದು ನಿದರ್ಶನ.

ಬಿಲ್ಲಿನ ಬಿಸಿ

ಮೀನೂಟದ ಜಗಳಗಳು ಹೆಚ್ಚಾಗಿ ಹುಟ್ಟುವುದು ಪಟ್ಟಿಯಲ್ಲಿ ದರದ ಜಾಗದಲ್ಲಿರುವ 'ಎಪಿಎಸ್' ಎಂಬ ಮೂರು ಅಕ್ಷರಗಳಿಂದ. ಗಾತ್ರಕ್ಕೆ ತಕ್ಕ ದರ ಎಂಬುದು ಇದರ ಅರ್ಥ. ಬಂದರಿನ ದರ ದಿನದಿನಕ್ಕೆ ಏರಿಳಿಯುವುದರಿಂದ ಈ ಪದ್ಧತಿಗೆ ವ್ಯಾಪಾರಿಯ ದೃಷ್ಟಿಯಿಂದ ಸಕಾರಣವಿದೆ. ಆದರೆ ಮೀನನ್ನು ತೋರಿಸದೆ, ತೂಕ ಹೇಳದೆ, ಬಿಲ್ಲಿನಲ್ಲಿಯೇ ಮೊದಲ ಬಾರಿಗೆ ಮೊತ್ತ ತಿಳಿಸುವುದು ನ್ಯಾಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟ, ಪ್ರಮಾಣ ಮತ್ತು ಬೆಲೆಯನ್ನು ತಿಳಿಯುವ ಹಕ್ಕನ್ನು ಗ್ರಾಹಕನಿಗೆ ನೀಡಿದೆ. ಬಿಲ್ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಅದೇ ಕಾಯ್ದೆ ಪರಿಗಣಿಸುತ್ತದೆ.

ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿಯೇ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ. ಆಹಾರ ಸುರಕ್ಷತಾ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಮುದ್ರಿಸುವುದು 2022ರ ಜನವರಿ 1ರಿಂದ ಕಡ್ಡಾಯವಾಗಿದೆ.

ಗ್ರಾಹಕ ಏನು ಮಾಡಬಹುದು?

ಆರ್ಡರ್ ನೀಡುವ ಮುನ್ನ ಮೂರು ಪ್ರಶ್ನೆ ಕೇಳುವುದು ಒಳಿತು. ಇಂದು ಬಂದ ಮೀನು ಯಾವುದು? ಫ್ರೀಜರಿನದು ಯಾವುದು? ಈ ತುಂಡಿನ ದರವೆಷ್ಟು? ಇಡೀ ಮೀನಾದರೆ ತೋರಿಸಲು ಹೇಳಬೇಕು. ಉಬ್ಬಿದ ಹೊಳಪಿನ ಕಣ್ಣು, ಕೆಂಪಾದ ಕಿವಿರು, ಒತ್ತಿದರೆ ಮರಳಿ ಏಳುವ ಮಾಂಸ ತಾಜಾತನದ ಗುರುತುಗಳು. ಅಮೋನಿಯದಂತಹ ಘಾಟು ಬಂದರೆ ಮುಲಾಜಿಲ್ಲದೆ ನಿರಾಕರಿಸಬೇಕು.

ಅಷ್ಟಾಗಿಯೂ ಮೋಸವಾದರೆ ಬಿಲ್ಲು ಮತ್ತು ದರಪಟ್ಟಿಯ ಛಾಯಾಚಿತ್ರ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಆರೋಗ್ಯ ಕೆಟ್ಟಿದ್ದರೆ ವೈದ್ಯರ ಚೀಟಿ ಮುಖ್ಯ ಸಾಕ್ಷ್ಯವಾಗುತ್ತದೆ. ಖರೀದಿಸುವ ವೇಳೆಗೇ ಮಾಲೀಕನಿಗೆ ತಿಳಿಸಿ, ಶುಲ್ಕ ತೆತ್ತು, ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳುವ ಅವಕಾಶವೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿದೆ. ಗ್ರಾಹಕ ಆಯೋಗಕ್ಕೆ ಹೋಗಲು ಕಾರವಾರಕ್ಕೇ ಬರಬೇಕೆಂದಿಲ್ಲ. ಬೆಂಗಳೂರಿನ ಪ್ರವಾಸಿ ತನ್ನ ವಾಸಸ್ಥಳದ ಜಿಲ್ಲಾ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ದಾಖಲಿಸಬಹುದು. ತೆತ್ತ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ಹೋಟೆಲಿನವರಿಗೂ ಸುಲಭದ ದಾರಿಯೊಂದಿದೆ. ಬಾಗಿಲ ಬಳಿ ಒಂದು ಕರಿಹಲಗೆ ಇಟ್ಟು, ಆ ದಿನ ಬಂದ ಮೀನಿನ ಹೆಸರು ಮತ್ತು ದರ ಬರೆದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಕಡಲ ಮೀನು ಸಿಗದ ದಿನಗಳಲ್ಲಿ ಹಳಿಯಾಳ, ಮುಂಡಗೋಡದ ಕೆರೆಗಳ ಕಟ್ಲಾ, ರೋಹುಗಳನ್ನು ಅವುಗಳದೇ ಹೆಸರಿನಲ್ಲಿ ಬಡಿಸಿದರೆ ಯಾವ ಗ್ರಾಹಕನೂ ಮುನಿಯಲಾರ. ಪ್ರವಾಸೋದ್ಯಮವನ್ನು ನೆಚ್ಚಿರುವ ಈ ಊರುಗಳಿಗೆ ಒಮ್ಮೆ ಬಂದವರು ಮತ್ತೆ ಬರುವುದು ಮುಖ್ಯ. 'ಇವತ್ತು ಬಂಗಡೆ ಇಲ್ಲ' ಎಂದು ಹೇಳಿದ ಹೋಟೆಲಿಗೆ ಗ್ರಾಹಕ ಮರಳಿಯಾನು. ಹಳಸಿದ ಬಂಗಡೆ ಬಡಿಸಿದ ಹೋಟೆಲಿಗೆ ಮರಳಲಾರ.