ಸಿಗರೇಟು ಬಿಟ್ಟರೆ ದಪ್ಪಗಾಗುತ್ತಾರೆಯೆ?

‘ಸಿಗರೇಟು ಬಿಟ್ಟರೆ ದಪ್ಪಗಾಗುತ್ತಾರಂತೆ, ಹೌದೆ?’ ಧೂಮಪಾನ ನಿಲ್ಲಿಸಲು ಮನಸ್ಸು ಮಾಡಿದ ಅನೇಕರು ವೈದ್ಯರನ್ನು ಕೇಳುವ ಪ್ರಶ್ನೆ ಇದು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದನ್ನೇ ನೆಪ ಮಾಡಿಕೊಂಡು ಸೇದುವುದನ್ನು ಮುಂದುವರಿಸುವುದು ಸರಿಯಲ್ಲ.

ತಂಬಾಕು ಹಸಿವನ್ನು ಅಡಗಿಸುತ್ತದೆ ಎಂಬುದು ಹೊಸ ಸಂಗತಿಯೇನಲ್ಲ. ಊಟದ ಹೊತ್ತು ಮೀರಿದಾಗ ಬೀಡಿ ಹಚ್ಚುವ ಅಥವಾ ಹೊಗೆಸೊಪ್ಪು ಹಾಕಿಕೊಳ್ಳುವ ಶ್ರಮಜೀವಿಗಳಿಗೆ ಇದು ಅನುಭವದಿಂದಲೇ ಗೊತ್ತು. 1920ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಲಕ್ಕಿ ಸ್ಟ್ರೈಕ್ ಸಿಗರೇಟಿನ ತಯಾರಕರು, ಸಿಹಿತಿಂಡಿಯ ಬದಲು ಸಿಗರೇಟು ಸೇದಿ ಎಂದು ಜಾಹೀರಾತು ನೀಡಿ ಮಹಿಳೆಯರನ್ನು ಸೆಳೆದಿದ್ದರು.

ಮೆದುಳಿನಲ್ಲಿ ಆಗುವುದೇನು?

ಸಿಗರೇಟಿನ ಹೊಗೆ ಎಳೆದ 10-20 ಸೆಕೆಂಡುಗಳಲ್ಲಿ ನಿಕೋಟಿನ್ ರಕ್ತದ ಮೂಲಕ ಮೆದುಳನ್ನು ತಲುಪುತ್ತದೆ. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ನಮ್ಮ ಹಸಿವು, ಬಾಯಾರಿಕೆಗಳನ್ನು ನಿಯಂತ್ರಿಸುತ್ತದೆ. ‘ಹೊಟ್ಟೆ ತುಂಬಿತು, ಸಾಕು’ ಎಂಬ ಸೂಚನೆ ಕೊಡುವ ನರಕೋಶಗಳು ಇಲ್ಲಿವೆ. ನಿಕೋಟಿನ್ ಈ ಕೋಶಗಳನ್ನೇ ಪ್ರಚೋದಿಸುತ್ತದೆ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಅಂದರೆ, ಊಟ ಮಾಡದೆಯೇ ಊಟವಾಯಿತೆಂದು ಮೆದುಳು ಭ್ರಮಿಸುತ್ತದೆ. ಜೊತೆಗೆ ನಿಕೋಟಿನ್ ಹೃದಯದ ಬಡಿತವನ್ನು ಹೆಚ್ಚಿಸಿ, ದೇಹ ತುಸು ಹೆಚ್ಚು ಶಕ್ತಿಯನ್ನು ವ್ಯಯ ಮಾಡುವಂತೆ ಮಾಡುತ್ತದೆ.

ಹಾಗೆಂದು ಧೂಮಪಾನಿಯ ಸಪೂರ ಮೈಕಟ್ಟು ಆರೋಗ್ಯದ ಲಕ್ಷಣವಲ್ಲ. ತೂಕ ಕಡಿಮೆಯಿದ್ದರೂ ಅವರಲ್ಲಿ ಹೊಟ್ಟೆಯ ಭಾಗದಲ್ಲಿ ಕೊಬ್ಬು ಶೇಖರವಾಗುವುದು ಹೆಚ್ಚು. ಸಕ್ಕರೆ ಕಾಯಿಲೆಯ ಅಪಾಯವೂ ಹೆಚ್ಚು.

ತೂಕ ಎಷ್ಟು ಏರುತ್ತದೆ?

ನಿಕೋಟಿನ್ ನಿಂತೊಡನೆ ಹಸಿವು ಮರಳುತ್ತದೆ. ನಾಲಿಗೆಯ ರುಚಿ, ಮೂಗಿನ ವಾಸನಾಶಕ್ತಿ ಸುಧಾರಿಸುತ್ತವೆ. ಸಿಗರೇಟು ಹಿಡಿಯುತ್ತಿದ್ದ ಕೈ ಕುರುಕಲು ತಿಂಡಿಯತ್ತ ಚಾಚುತ್ತದೆ. ಹೀಗಾಗಿ ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕಿಲೋ ತೂಕ ಏರಬಹುದು. ಇದರ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ ಸೇರುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರ ತೂಕ ಇಳಿಯುವುದೂ ಉಂಟು. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರ ಪ್ರಕಾರ, ತೂಕ ಹೆಚ್ಚಿದವರಲ್ಲಿ ಸಕ್ಕರೆ ಕಾಯಿಲೆಯ ಸಂಭವ ಕೆಲಕಾಲ ಏರಿದರೂ, ಸೇದುತ್ತಲೇ ಇದ್ದವರಿಗಿಂತ ಅವರಲ್ಲಿ ಸಾವಿನ ಅಪಾಯ ಕಡಿಮೆಯೇ ಇತ್ತು.

ಏನು ಮಾಡಬೇಕು?

* ಬಾಯಾಡಿಸಬೇಕೆನಿಸಿದಾಗ ಬೋಂಡ, ಬಿಸ್ಕತ್ತುಗಳ ಬದಲು ಸೌತೆಕಾಯಿ, ಕ್ಯಾರೆಟ್, ಸೀಬೆಹಣ್ಣು ತಿನ್ನಿ. ನೀರು, ನೀರುಮಜ್ಜಿಗೆ ಕುಡಿಯಿರಿ.

* ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಸೇದಬೇಕೆಂಬ ಚಡಪಡಿಕೆಯೂ ಇದರಿಂದ ತಗ್ಗುತ್ತದೆ.

* ಸಿಗರೇಟು ಬಿಡುವ ದಿನಗಳಲ್ಲೇ ಉಪವಾಸ, ಕಠಿಣ ಪಥ್ಯ ಬೇಡ. ಮೊದಲು ಚಟ ಬಿಡಲಿ, ಆಮೇಲೆ ತೂಕ ಇಳಿಸಬಹುದು.

* ನಿಕೋಟಿನ್ ಗಮ್ ಅಥವಾ ಪಟ್ಟಿಯನ್ನು ವೈದ್ಯರ ಸಲಹೆಯಂತೆ ಬಳಸಿದರೆ ಚಟ ಬಿಡುವುದು ಸುಲಭವಾಗುತ್ತದೆ, ತೂಕ ಏರುವುದೂ ನಿಧಾನವಾಗುತ್ತದೆ.

* ಸಿಗರೇಟಿನ ಬದಲು ಗುಟ್ಕಾ, ಹೊಗೆಸೊಪ್ಪು ಹಿಡಿಯಬೇಡಿ. ಅವುಗಳಲ್ಲೂ ನಿಕೋಟಿನ್ ಇದೆ. ಬಾಯಿಯ ಕ್ಯಾನ್ಸರಿಗೂ ಅವು ದಾರಿ.

ಮನೆಯವರಿಗೂ ಒಂದು ಮಾತು. ಸಿಗರೇಟು ಬಿಟ್ಟವರನ್ನು ‘ಹೊಟ್ಟೆ ಬಂತು’ ಎಂದು ಹಾಸ್ಯ ಮಾಡಬೇಡಿ. ಆ ಒಂದು ಮಾತಿಗೆ ಬೇಸತ್ತು ಮತ್ತೆ ಸೇದಲು ತೊಡಗುವವರಿದ್ದಾರೆ. ಏರಿದ ನಾಲ್ಕು ಕಿಲೋವನ್ನು ಇಳಿಸಬಹುದು. ಕೆಟ್ಟ ಶ್ವಾಸಕೋಶವನ್ನು ಮೊದಲಿನಂತೆ ಮಾಡುವುದು ಸುಲಭವಲ್ಲ. ನೆರವು ಬೇಕಾದವರು ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.