ಹೆದರಬೇಕಾದದ್ದು ಯಾವ ಪ್ರಯೋಗಕ್ಕೆ?

“ಸಂಶೋಧನೆ ಅಂದ್ರೆ ನಮ್ಮ ಹುಡುಗನನ್ನ ಪ್ರಯೋಗಪಶು ಮಾಡೋದು ತಾನೇ?” ಡುಶೇನ್ ಸ್ನಾಯುಕ್ಷಯ, ಅಂದರೆ ಡಿಎಂಡಿ ಇರುವ ಮಕ್ಕಳ ಮನೆಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೆತ್ತವರ ಭಯ ಅರ್ಥವಾಗುತ್ತದೆ. ಆದರೆ ಹೀಗೆ ಹೇಳಿ ಅಧ್ಯಯನಕ್ಕೆ ಬೇಡವೆಂದವರೇ ಸಾಲ ಸೋಲ ಮಾಡಿ, ಲಕ್ಷಗಟ್ಟಲೆ ತೆತ್ತು, ಮಗನಿಗೆ ‘ಸ್ಟೆಮ್ ಸೆಲ್’ ಇಂಜೆಕ್ಷನ್ ಹಾಕಿಸಿಕೊಂಡು ಬಂದಾಗ ಸಿಟ್ಟು ಬರುತ್ತದೆ. ಹುಡುಗನ ಮೇಲೆ ನಿಜಕ್ಕೂ ಪ್ರಯೋಗ ನಡೆದದ್ದು ಅಲ್ಲಿ. ಅದನ್ನು ಯಾರೂ ಪರಿಶೀಲಿಸಲಿಲ್ಲ, ಯಾರೂ ಬರೆದಿಡಲಿಲ್ಲ.

ಅವರು ಬೇಡವೆಂದದ್ದಾದರೂ ಏನನ್ನು? ಕಾಯಿಲೆಯ ಹಾದಿಯನ್ನು ಗಮನಿಸುವ ಅಧ್ಯಯನಗಳಲ್ಲಿ ಹೊಸ ಔಷಧದ ಮಾತೇ ಇರುವುದಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಗುರುತು ಹಾಕಿ ಹುಡುಗನನ್ನು ಆರು ನಿಮಿಷ ನಡೆಸುತ್ತಾರೆ, ಎಷ್ಟು ಮೀಟರ್ ನಡೆದನೆಂದು ಬರೆದುಕೊಳ್ಳುತ್ತಾರೆ. ನೆಲದಿಂದ ಏಳಲು ಎಷ್ಟು ಸೆಕೆಂಡು ಬೇಕಾಯಿತು, ತೊಡೆಯ ಮೇಲೆ ಕೈಯೂರಿ ಎದ್ದನೇ ಎಂದು ನೋಡುತ್ತಾರೆ. ರಕ್ತ ತೆಗೆದು, ಡಿಸ್ಟ್ರೋಫಿನ್ ಜೀನಿನ 79 ಎಕ್ಸಾನ್‌ಗಳಲ್ಲಿ, ಅಂದರೆ ತುಣುಕುಗಳಲ್ಲಿ, ಎಲ್ಲಿ ದೋಷವಿದೆ ಎಂದು ಹುಡುಕುತ್ತಾರೆ. ಕೆಲವು ತಿಂಗಳು ಬಿಟ್ಟು ಮತ್ತೆ ಅದೇ ನಡಿಗೆ.

ಬರೀ ನಡೆಸಿ ಏನು ಪ್ರಯೋಜನ ಎನ್ನುವವರು ಎಟೆಪ್ಲಿರ್ಸೆನ್ ಕಥೆ ಕೇಳಬೇಕು. ಜೀವಕೋಶವು ಈ ಜೀನನ್ನು 51ನೇ ಎಕ್ಸಾನ್ ಬಿಟ್ಟು ಓದುವಂತೆ ಮಾಡುವ ಈ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮುಖ್ಯ ಪ್ರಯೋಗದಲ್ಲಿದ್ದ ಹುಡುಗರು ಕೇವಲ 12. ಗುಣ ಕಂಡಿತೆಂದು ತೋರಿಸಲು ಕಂಪನಿಗೆ ಒದಗಿದ್ದು, ಔಷಧ ಪಡೆಯದ ಬೇರೆ ಹುಡುಗರ ನಡಿಗೆಯ ಹಳೆಯ ದಾಖಲೆ. ಅಷ್ಟು ಸಣ್ಣ ಸಂಖ್ಯೆ ಸಾಲದೆಂದು ತಜ್ಞರಲ್ಲೇ ಜಗಳವಾಯಿತು. ಅಪರೂಪದ ಕಾಯಿಲೆಯಲ್ಲಿ ಒಬ್ಬೊಬ್ಬ ಹುಡುಗನ ಲೆಕ್ಕವೂ ಬೇಕೇ ಬೇಕು ಎನ್ನುವುದು ಇದಕ್ಕೇ.

ಇನ್ನು ಔಷಧದ ಟ್ರಯಲ್. ನಮ್ಮ ದೇಶದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಟ್ರಯಲ್‌ಗಳ ರಾಷ್ಟ್ರೀಯ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ ಆಗಿರಬೇಕು, ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯಂತೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಸಂಶೋಧನೆಯ ಖರ್ಚನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ. ಹಣ ಪಡೆದು ಸ್ಟೆಮ್ ಸೆಲ್ ಚುಚ್ಚುವ ಕಡೆ ಇದರಲ್ಲಿ ಯಾವ ರಕ್ಷಣೆ ಇದೆ?

ಉಳಿದ ತಪ್ಪು ಕಲ್ಪನೆಗಳಿಗೆ ಒಂದೊಂದು ಮಾತು ಸಾಕು. ‘ಸಹಿ ಹಾಕಿದರೆ ಸಿಕ್ಕಿಹಾಕಿಕೊಂಡಂತೆ’: ಇಲ್ಲ, ಯಾವಾಗ ಬೇಕಾದರೂ ಹೊರಬರಬಹುದು. ‘ರಕ್ತ ಕೊಟ್ಟರೆ ಔಷಧ ಕೊಡ್ತಾರೆ’: ಇಲ್ಲ, ಅಧ್ಯಯನವೇ ಬೇರೆ, ಚಿಕಿತ್ಸೆಯೇ ಬೇರೆ. ‘ನಮ್ಮ ವಂಶದಲ್ಲೇ ಇಲ್ಲ, ಜೀನ್ ಪರೀಕ್ಷೆ ಯಾಕೆ?’: ಸುಮಾರು ಮೂರನೇ ಒಂದು ಭಾಗದ ಮಕ್ಕಳಲ್ಲಿ ದೋಷ ಹೊಸದಾಗಿಯೇ ಹುಟ್ಟಿರುತ್ತದೆ.

ನಮ್ಮ ಜನಕ್ಕೆ ಅನುಮಾನವೇ ಇಲ್ಲವೆಂದಲ್ಲ. ಪ್ರತಿ ಅಪಾಯವನ್ನೂ ಬರೆದು ಕೈಗಿಡುವ ಒಪ್ಪಿಗೆ ಪತ್ರವನ್ನು ಅನುಮಾನಿಸುತ್ತಾರೆ. ಅಪಾಯದ ಸುದ್ದಿಯನ್ನೇ ಎತ್ತದ ವಾಟ್ಸ್ಆ್ಯಪ್ ವಿಡಿಯೊವನ್ನು ಕಣ್ಮುಚ್ಚಿ ನಂಬುತ್ತಾರೆ. ‘ಗ್ಯಾರಂಟಿ’ ಎಂದವನು ದೇವರಾಗುತ್ತಾನೆ, ‘ಖಚಿತವಾಗಿ ಹೇಳಲಾರೆ’ ಎಂದ ವೈದ್ಯ ಕೈಲಾಗದವನಾಗುತ್ತಾನೆ. ಅನುಮಾನಿಸಿ, ಆದರೆ ಇಬ್ಬರನ್ನೂ ಇವೇ ಪ್ರಶ್ನೆಗಳನ್ನು ಕೇಳಿ: ನೋಂದಣಿ ಸಂಖ್ಯೆ ಯಾವುದು? ಒಪ್ಪಿಗೆ ಕೊಟ್ಟ ಸಮಿತಿ ಯಾವುದು? ನನ್ನಿಂದ ದುಡ್ಡು ಯಾಕೆ? ಇವಕ್ಕೆ ಉತ್ತರ ಕೊಡದವರ ಕೈಗೆ ಮಗುವನ್ನು ಒಪ್ಪಿಸಬೇಡಿ.